ಎರಡು ಪಾಲು ಹರಳೆಣ್ಣೆ, ಒಂದು ಪಾಲು ಕೊಬ್ಬರಿ ಎಣ್ಣೆ

ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು ನನ್ನ ಕೆಲಸ. ತೆರಕಣಾಂಬಿಯಿಂದ ಒಳಗೆ ಮೂರು ಮೈಲಿ ಬಂದರೆ ನಮ್ಮೂರು. ಅಲ್ಲಿಯ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಕೂತು, ಊರಿನವರು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ಎಷ್ಟು ಮುಳುಗಿತು ಅಂತ ನೋಡಿ ಬರೆದುಕೊಳ್ಳುತ್ತೇನೆ. ನೀರು ಬಿದ್ದ ಹಾಲಾದರೆ ಅದು ಬೇಗ ಮುಳುಗುತ್ತದೆ. ಆಗ ತಂದವರ ಮುಖವೂ ಇಳಿಯುತ್ತದೆ. "ಕೆರೆ ತಾವ ಕಟ್ಟಿದ್ದೆ ಕಣವ್ವ, ಹಸ ನೀರ ಜಾಸ್ತಿ ಕುಡ್ಬುಟ್ಟದ" ಅನ್ನುತ್ತಾರೆ. "ಹಸ ಕುಡುದ್ ನೀರು ಗಂಜಳದಲ್ಲಿ ಓಯ್ತದ, ಹಾಲಲ್ಲಿ ಬರಾದು ನೀನ್ ಕುಡ್ಸಿದ್ ನೀರು" ಅಂತ ಮಾತಿಗೆ ಮಾತು ಕ್ಯಾನಿನ ಮುಂದೆಯೇ ವಾಪಸು ಕೊಡುತ್ತೇನೆ. ನನ್ನ ನಾಲಿಗೆಗೆ ಊರಲ್ಲಿ ಹೆಸರಿದೆ, ಒಳ್ಳೆಯ ಹೆಸರಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ಮುಂದೆ ಬರುವುದು ನಾನೇ ಬೆರಕೆ ಮಾಡಿ ಸಿಕ್ಕಿಬಿದ್ದ ಕತೆ.

ಅಪ್ಪ ಬಸ್ ಡ್ರೈವರ್ ಆಗಿದ್ದರು. ಬಹಳ ವರ್ಷ ಚಾಮರಾಜನಗರ–ಗುಂಡ್ಲುಪೇಟೆ, ಆಮೇಲೆ ಕೆಲವು ವರ್ಷ ಪುಣಜನೂರು ದಾಟಿ ದಿಂಬಂ ಘಾಟಿ ಇಳಿದು ಸತ್ಯಮಂಗಲ. ಆ ಘಾಟಿಯಲ್ಲಿ ಇಪ್ಪತ್ತೇಳು ತಿರುವು. "ನನ್ ಬಸ್ಸಲ್ಲಿ ತೊಡೆ ಮ್ಯಾಲೆ ಮಜ್ಜಿಗೆ ಚೊಂಬ ಮಡಿಕ್ಕಂಡ್ ಕುಂತ್ರೂ ಒಂದ್ ತೊಟ್ಟು ತುಳುಕ್ತಿರ್ನಿಲ್ಲ" ಅನ್ನುವುದು ಅವರು ತಮಗೆ ತಾವೇ ಕೊಟ್ಟುಕೊಂಡ ಸರ್ಟಿಫಿಕೇಟು. ರಿಟೈರಾಗಿ ಊರಿಗೆ ಬಂದರು. ಅವ್ವ ತೀರಿಕೊಂಡು ವರ್ಷಗಳಾಗಿವೆ. ನಾನು ಮದುವೆಯಾಗಲಿಲ್ಲ, ಅದರ ಕತೆ ಬೇರೆ. ಮನೆಯಲ್ಲಿ ನಾವಿಬ್ಬರೇ, ಜೊತೆಗೊಂದು ಹಸು.

ಆ ವರ್ಷ ಶ್ರಾವಣದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಎರಡು ತಿಂಗಳಿಗೆ ಸುಮಾರಾಗಿ ಸರಿಹೋಯಿತು. ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಅಲುಗುತ್ತಿದ್ದವು, ಆದರೆ ಏನನ್ನೂ ಹಿಡಿಯುತ್ತಿರಲಿಲ್ಲ. ಚಾಮರಾಜನಗರದಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ, ಸುಮ್ಮನೆ ಬಿಟ್ಟರೆ ಕೈ ಕೆಲಸವನ್ನೇ ಮರೆತುಬಿಡುತ್ತದೆ ಅಂದಳು. "ನಾ ಯಾನ ಮಗುವಾ, ಚೆಂಡ ಹಿಸುಕ್ತಾ ಕೂರಕ್ಕ?" ಅಂತ ಅಪ್ಪ ಅದನ್ನು ಎಡಗೈಯಲ್ಲಿ ಕೊಟ್ಟಿಗೆಗೆ ಎಸೆದರು. ಹಸು ಅದನ್ನು ಅರ್ಧ ದಿನ ಅಗಿಯಿತು. ಅಪ್ಪ ಬಲಗೈಯನ್ನು ಟವೆಲಿನ ಕೆಳಗೆ ಮುಚ್ಚಿಟ್ಟುಕೊಂಡು ಕುರ್ಚಿಯಲ್ಲಿ ಕೂರಲು ಶುರು ಮಾಡಿದರು. ನನಗೆ ಆ ಟವೆಲನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ದಸರಾ ರಜೆಗೆ ತಮ್ಮ ಬಂದ. ಅವನು ಮೈಸೂರಿನಲ್ಲಿ ಗುಮಾಸ್ತ. ಬರುವಾಗ ರಟ್ಟಿನ ಡಬ್ಬದಲ್ಲಿ ಒಂದು ರಿಮೋಟ್ ಕಾರು ತಂದಿದ್ದ. ಯಾರದೋ ಹತ್ತಿರ ಹಳೆಯದು ತಗೊಂಡು, ನಾಲ್ಕು ದಿನ ಓಡಿಸಿ, ಬೇಜಾರಾಗಿ, ಷೋಕೇಸಿನಲ್ಲಿಡು ಅಂತ ಇಲ್ಲಿಗೆ ತಂದಿದ್ದ. ಒಂದೂವರೆ ಅಡಿ ಉದ್ದ, ದಪ್ಪ ದಪ್ಪ ಟೈರು, ಒಂದೊಂದು ಚಕ್ರಕ್ಕೆ ಒಂದೊಂದು ಬೆರಳುದ್ದದ ಶಾಕ್ ಅಬ್ಸಾರ್ಬರ್, ಅದರ ಸುತ್ತ ಸ್ಪ್ರಿಂಗು. ಆಟದ ಸಾಮಾನಿಗೆ ಇಷ್ಟೆಲ್ಲ ಯಾಕೆ ಅಂತ ನಾನು ತಿರುಗಿಸಿ ತಿರುಗಿಸಿ ನೋಡಿದೆ. ರಿಮೋಟು ಪಿಸ್ತೂಲಿನ ಆಕಾರದಲ್ಲಿತ್ತು. ಎಡಗೈಯಲ್ಲಿ ಹಿಡಿದು ತೋರುಬೆರಳಿನಿಂದ ಕುದುರೆ ಒತ್ತಿದರೆ ಓಡುತ್ತದೆ. ಬಲಗಡೆ ಸ್ಪಂಜು ಸುತ್ತಿದ ಪುಟ್ಟ ಸ್ಟೀರಿಂಗು. ಅದನ್ನು ಬಲಗೈ ಬೆರಳುಗಳಿಂದಲೇ ತಿರುಗಿಸಬೇಕು.

ಅಪ್ಪ ಮೂರು ದಿನ ಅದನ್ನು ಓರೆಗಣ್ಣಿನಿಂದ ನೋಡಿದರು. ತಮ್ಮ ಹೊರಟುಹೋದ ಮೇಲೆ ನಾಲ್ಕನೇ ದಿನ ಮಧ್ಯಾಹ್ನ, ನಾನು ಅಡಿಗೆಮನೆ ಕಿಟಕಿಯಿಂದ ನೋಡುತ್ತೇನೆ, ಮನೆ ಹಿಂದಿನ ಕಣದಲ್ಲಿ ಕಾರು ಓಡುತ್ತಿದೆ! ಟವೆಲು ಹೆಗಲ ಮೇಲಿತ್ತು. ಬಲಗೈ ಸ್ಟೀರಿಂಗಿನ ಮೇಲಿತ್ತು. ನಾನು ಸದ್ದು ಮಾಡದೆ ಒಲೆ ಸಣ್ಣ ಮಾಡಿ ನಿಂತೆ.

ಆದರೆ ಕಾರು ನೆಟ್ಟಗೆ ಓಡುತ್ತಿರಲಿಲ್ಲ. ಸಣ್ಣ ಕಲ್ಲು ಸಿಕ್ಕಿದರೂ ಕಪ್ಪೆಯ ಹಾಗೆ ಎಗರಿ ಮಗುಚಿಕೊಳ್ಳುತ್ತಿತ್ತು. ಅಪ್ಪ ನನ್ನನ್ನು ಕರೆದು ಎತ್ತಿಸಿ, ಕಾರಿನ ಬೆನ್ನು ಒತ್ತಿ ಬಿಟ್ಟು ನೋಡಿದರು. ಅದು ನಾಲ್ಕೈದು ಸಲ ಕುಣಿದು ನಿಂತಿತು.

"ಎಣ್ಣ ಇಲ್ಲ ಕಣಮ್ಮಿ ಇದ್ರಲ್ಲಿ. ಸ್ಪ್ರಿಂಗು ಎಗರುಸ್ತದ, ಎಣ್ಣ ಅದುನ್ನ ತಡೀತದ. ತಡ್ಯೋರ್ ಇಲ್ದಿದ್ರ ಎಗರಾದೇ ಕೆಲ್ಸ. ಎಣ್ಣ ಹಾಕುಸ್ಕಂಡ್ ಬಾ. ಅಡ್ಗಮನ ಎಣ್ಣ ಗಿಣ್ಣ ಸುರ್ದೀಯೆ, ಗಾಡಿಗ ಗಾಡಿ ಎಣ್ಣನೇ ಆಗ್ಬೇಕು."

ನಾನು ಕಾರನ್ನು ಚೀಲದಲ್ಲಿಟ್ಟುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವಯನಾಡು ಕಡೆಯವನೊಬ್ಬ ಮೊಬೈಲು, ಆಟದ ಸಾಮಾನು ರಿಪೇರಿ ಮಾಡುತ್ತಾನೆ. ಅರ್ಧ ಕನ್ನಡ, ಅರ್ಧ ಮಲಯಾಳ; ಹೆಂಗಸರೆಲ್ಲ ಅವನಿಗೆ ಚೇಚಿ, ಅಂದರೆ ಅಕ್ಕ. ಅವನು ಕಾರನ್ನು ನೋಡಿ ಮುಖ ಅರಳಿಸಿದ. ಚೆಂಡುಹೂವಿನ ಹೊಲ ಖಾಲಿಯಾದ ಮೇಲೆ ಅವನ ಕಡೆಯ ನಾಲ್ಕಾರು ಜನ ಅಲ್ಲಿಗೆ ಬಂದು ಇಂಥ ಕಾರನ್ನೇ ಓಡಿಸುತ್ತಾರಂತೆ. ಒಂದು ಶಾಕ್ ಬಿಚ್ಚಿ ತಟ್ಟೆಯ ಮೇಲೆ ಹರಡಿದ. ಒಂದು ಕೊಳವೆ, ಒಳಗೊಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಬಟನ್ನಿನಷ್ಟು ಬಿಲ್ಲೆ. ಬಿಲ್ಲೆಯಲ್ಲಿ ಮೂರು ತೂತು, ಸಾಸಿವೆಯೂ ತೂರದಷ್ಟು ಸಣ್ಣವು. ಚಕ್ರ ಮೇಲೆದ್ದಾಗ ಕೊಳವೆಯಲ್ಲಿರುವ ಎಣ್ಣೆ ಆ ಮೂರು ತೂತಿನಲ್ಲೇ ನುಸುಳಿ ಆಚೆ ಹೋಗಬೇಕು, ಇಳಿದಾಗ ಅದರಲ್ಲೇ ವಾಪಸು ಬರಬೇಕು. ಅದು ನುಸುಳಲು ತೆಗೆದುಕೊಳ್ಳುವ ಹೊತ್ತೇ ಕಾರಿನ ನಡಿಗೆ. ಎಣ್ಣೆ ತೆಳುವಾದರೆ ಕುಣಿತ, ಗಟ್ಟಿಯಾದರೆ ಮರಗಾಲು; ಎರಡರಲ್ಲೂ ಕಲ್ಲು ಸಿಕ್ಕರೆ ಎಗರುವುದೇ. ಮೂರು ತೂತಿನಲ್ಲಿ ಇಷ್ಟೆಲ್ಲ ಇದೆಯಾ ಅಂತ ನಾನು ಆ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದೆ.

"ಇದಕ್ಕೆ ಸಿಲಿಕೋನ್ ಎಣ್ಣೆ ವೇಣಂ ಚೇಚಿ. ನಂಬರ್ ಇಪ್ಪತ್ತು. ಆರ್ಡರ್ ಹಾಕ್ಬೇಕು, ಹದಿನೈದು ದಿವಸ" ಅಂದ.

ಅವನ ಹತ್ತಿರ ಅದೇ ನಂಬರಿನ ಹಳೆಯ ಸೀಸೆಯೊಂದು ಇತ್ತು, ತಳದಲ್ಲಿ ಸ್ವಲ್ಪವೇ ಎಣ್ಣೆ. ನಾಲ್ಕು ಶಾಕಿಗೆ ಸಾಲದು, ಆದರೆ ನೋಡಲು ಸಾಕು. ಯಾವ ದ್ರವ ಕಂಡರೂ ಅಳೆಯದೆ ಇರಲು ನನಗಾಗುವುದಿಲ್ಲ. ಚೀಲದಲ್ಲಿ ಡೈರಿಯ ಟೆಸ್ಟ್ ಟ್ಯೂಬು ಹೇಗೂ ಇತ್ತು. ಪಕ್ಕದ ದಿನಸಿ ಅಂಗಡಿಯಿಂದ ಒಂದು ಚಿಟಿಕೆ ಸಾಸಿವೆ ಕೇಳಿ ತಂದೆ. ಟ್ಯೂಬಿಗೆ ಎರಡು ಬೆರಳೆತ್ತರ ಎಣ್ಣೆ ಸುರಿದು, ಒಂದು ಸಾಸಿವೆ ಕಾಳನ್ನು ಒಳಗೆ ಅದ್ದಿ ಬಿಟ್ಟು, ಒಂದೇ ಸಮ ಎಣಿಸಿದೆ. ಇಪ್ಪತ್ತೆರಡಕ್ಕೆ ಕಾಳು ತಳ ಮುಟ್ಟಿತು. ಇನ್ನೊಂದು ಕಾಳು ಬಿಟ್ಟೆ, ಮತ್ತೆ ಇಪ್ಪತ್ತೆರಡು. "ಇದೆಂತ ಪೂಜೆ ಚೇಚಿ?" ಅಂತ ಅವನು ನಕ್ಕ. ನಾನು ಎಣ್ಣೆಯನ್ನು ಅವನ ಸೀಸೆಗೇ ವಾಪಸು ಸುರಿದು, ಇಪ್ಪತ್ತೆರಡು ಅಂತ ಅಂಗೈ ಮೇಲೆ ಬರೆದುಕೊಂಡು ಬಂದೆ.

ಹದಿನೈದು ದಿನಕ್ಕೆ ಪಾರ್ಸಲ್ಲು ಬಂತು. ಡಬ್ಬ ಪೂರ್ತಿ ನೆಂದಿತ್ತು, ಸೀಸೆ ಒಡೆದಿತ್ತು. ಮತ್ತೆ ಆರ್ಡರು. ಅಪ್ಪ ದಿನಾ "ಬಂತಾ?" ಅಂತ ಕೇಳುತ್ತಿದ್ದರು. ಕೈ ಮತ್ತೆ ಟವೆಲಿನ ಕೆಳಗೆ ಹೋಗಿತ್ತು.

ಅಷ್ಟರಲ್ಲಿ ನವೆಂಬರ್ ಬಂತು. ಪಿಂಚಣಿ ತಗೊಳ್ಳುವವರು ಬದುಕಿದ್ದೇವೆ ಅಂತ ಬ್ಯಾಂಕಿಗೆ ಹೋಗಿ ಬರೆದುಕೊಡುವ ತಿಂಗಳು. ನಾನೇ ಅಪ್ಪನನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋದೆ. ಪೆನ್ನು ಕೊಟ್ಟರು, ಅದು ಬೆರಳಿನಿಂದ ಜಾರಿ ಕೆಳಗೆ ಬಿತ್ತು. ಎತ್ತಿ ಕೊಟ್ಟೆ, ಮತ್ತೆ ಬಿತ್ತು. ಹಿಂದೆ ಸಾಲು ನಿಂತಿತ್ತು. ಯಾರೋ ಇಂಕಿನ ಪ್ಯಾಡನ್ನು ಮುಂದಕ್ಕೆ ತಳ್ಳಿದರು. ಜೀವಮಾನವೆಲ್ಲ ಟ್ರಿಪ್ ಶೀಟಿಗೆ ಬಾಲ ಸುತ್ತಿ ಸೈನು ಹಾಕಿದ ಅಪ್ಪ ಹೆಬ್ಬೆಟ್ಟು ಒತ್ತಿದರು. ಬಸ್ಸಿನಲ್ಲಿ ತೆರಕಣಾಂಬಿ ಬರುವವರೆಗೂ ಹೆಬ್ಬೆಟ್ಟನ್ನು ಪಂಚೆಗೆ ಉಜ್ಜುತ್ತಲೇ ಇದ್ದರು. ಇಳಿದ ಮೇಲೆ ಹೇಳಿದರು:

"ಮುಂದಿನ್ ವರ್ಷ ಸೈನೇ ಹಾಕಾದು. ಇನ್ನೊಂದ್ ಸಲ ಈ ಇಂಕ ಮುಟ್ಟಕಿಲ್ಲ. ಎಣ್ಣ ಬಂತಾ?"

ಬಂದಿಲ್ಲ ಅಂತ ಹೇಳುವ ಧೈರ್ಯ ನನಗಾಗಲಿಲ್ಲ. "ನಾಳಿಕ್ಕ ಬತ್ತದ" ಅಂದೆ.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಮನೆಯಲ್ಲಿದ್ದ ಎಣ್ಣೆಗಳನ್ನೆಲ್ಲ ಸಾಲಾಗಿ ಇಟ್ಟೆ. ಟೆಸ್ಟ್ ಟ್ಯೂಬು, ಸಾಸಿವೆ, ಎಣಿಕೆ. ಕೊಬ್ಬರಿ ಎಣ್ಣೆಯಲ್ಲಿ ಐದು ಎಣಿಸುವಷ್ಟರಲ್ಲಿ ಕಾಳು ತಳದಲ್ಲಿತ್ತು. ಕಡಲೆಕಾಯಿ ಎಣ್ಣೆಯಲ್ಲಿ ಏಳು. ಹರಳೆಣ್ಣೆಯಲ್ಲಿ ಕಾಳು ಮದುವೆ ಹೆಣ್ಣಿನ ಹಾಗೆ ಇಳಿಯಿತು. ಅರವತ್ತು ದಾಟಿತು, ನಾನು ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದೆ. ಒಂದು ಬಹಳ ತೆಳು, ಇನ್ನೊಂದು ಬಹಳ ಮಂದ. ಸರಿ, ಎರಡನ್ನೂ ಬೆರೆಸಿದರೆ? ಸಮಪಾಲು ಬೆರೆಸಿದೆ, ಸಾಲಲಿಲ್ಲ. ಎರಡು ಪಾಲು ಹರಳೆಣ್ಣೆಗೆ ಒಂದು ಪಾಲು ಕೊಬ್ಬರಿ ಎಣ್ಣೆ ಬೆರೆಸಿ, ಕಾಳು ಬಿಟ್ಟು ಎಣಿಸಿದೆ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ತಳ!

ಅಡಿಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಡೈರಿಯಲ್ಲಿ ಇಷ್ಟು ವರ್ಷ ಬೇರೆಯವರ ಬೆರಕೆ ಹಿಡಿದಿದ್ದೆ. ನನ್ನ ಕೈಯಿಂದಲೇ ಇಷ್ಟು ಕರಾರುವಾಕ್ಕಾದ ಬೆರಕೆ ಆಗಬಹುದು ಅಂತ ಗೊತ್ತಿರಲಿಲ್ಲ.

ಅಂಗಡಿಯವನು ಮಾಡಿದ್ದನ್ನು ನೋಡಿಕೊಂಡಿದ್ದೆನಲ್ಲ, ನಾಲ್ಕೂ ಶಾಕಿಗೆ ಅದನ್ನೇ ತುಂಬಿದೆ. ಉಳಿದದ್ದನ್ನು ಒಂದು ಸೀಸೆಗೆ ಹಾಕಿ ತಲೆಗೆ ಹಚ್ಚಿಕೊಳ್ಳಲು ಕಿಟಕಿಯಲ್ಲಿಟ್ಟುಕೊಂಡೆ. ಹರಳೆಣ್ಣೆ ಕೊಬ್ಬರಿ ಎಣ್ಣೆ ಬೆರೆಸಿ ತಲೆಗೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಸಂಜೆ ಅಪ್ಪ ಕಾರಿನ ಬೆನ್ನು ಒತ್ತಿ ಬಿಟ್ಟರು. ಕಾರು ಒಂದೇ ಸಲ ಮೆತ್ತಗೆ ಎದ್ದು ನಿಂತಿತು.

"ಗುಂಡ್ಲುಪೇಟೇದಾ? ಒರಿಜಿನಲ್ಲಾ?"

"ಹ್ಞೂಂ. ಒರಿಜಿನಲ್ಲೇ."

ಎರಡೇ ಮಾತಿನ ಸುಳ್ಳು. ಅಡಿಗೆಮನೆ ಎಣ್ಣೆ ಅಂತ ಗೊತ್ತಾದರೆ ಮುಟ್ಟುವುದಿಲ್ಲ, ಮುಟ್ಟದಿದ್ದರೆ ಕೈ ಹೋಗುತ್ತದೆ. ಅಸಲಿ ಎಣ್ಣೆ ಬಂದ ದಿನ ಗುಟ್ಟಾಗಿ ಬದಲಾಯಿಸಿದರಾಯಿತು. ಹೀಗೆ ನಾನು ನನಗೆ ಸಮಾಧಾನ ಹೇಳಿಕೊಂಡೆ.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ಹಬ್ಬ. ದಿನಾ ಮಧ್ಯಾಹ್ನ ಊಟವಾದ ಮೇಲೆ ಕಣದಲ್ಲಿ ಗಾಡಿ. ಅಪ್ಪ ಇಪ್ಪತ್ತೇಳು ತೆಂಗಿನ ಚಿಪ್ಪು ಜೋಡಿಸಿ ದಿಂಬಂ ಘಾಟಿ ಮಾಡಿದರು. ಒಂದೊಂದು ಚಿಪ್ಪಿಗೂ ಒಂದೊಂದು ನೆನಪು: ಇಲ್ಲಿ ಆನೆ ನಿಲ್ಲುತ್ತಿತ್ತು, ಇಲ್ಲಿ ಕಬ್ಬಿನ ಲಾರಿ ಮಗುಚಿತ್ತು, ಇಲ್ಲಿ ಒಬ್ಬಾಕೆಗೆ ಬಸ್ಸಿನಲ್ಲೇ ಹೆರಿಗೆಯಾಯಿತು. ಮೊದಲು ಐದು ಚಿಪ್ಪು, ಆಮೇಲೆ ಹತ್ತು, ಕೊನೆಗೊಂದು ದಿನ ಇಪ್ಪತ್ತೇಳನ್ನೂ ತಾಗಿಸದೆ ಇಳಿಸಿದರು. ಆ ವಾರವೇ ಬಲಗೈಯಲ್ಲಿ ಕಾಫಿ ಲೋಟ ಹಿಡಿದರು, ಶರಟಿನ ಎರಡು ಗುಂಡಿ ಹಾಕಿಕೊಂಡರು. ಕಾರನ್ನು ಮಾತ್ರ ಮನೆಯೊಳಗೆ ತರಲು ಬಿಡುತ್ತಿರಲಿಲ್ಲ. "ಗಾಡಿ ಡಿಪೋದಲ್ಲಿರ್ಬೇಕು" ಅಂತ ಹೊರಜಗಲಿಯ ಮೇಲಿನ ಅಟ್ಟಣಿಗೆಯಲ್ಲಿ ಇಡಿಸುತ್ತಿದ್ದರು.

ಮಾರ್ಗಶಿರದಲ್ಲಿ ರಾಗಿ ಕಟಾವಾಯಿತು. ಕಣ ಬಳಿದು ಮೆದೆ ಹಾಕಿದರು. ಬೆಳಿಗ್ಗೆ ಎಂಟರಿಂದ ಸಂಜೆಯವರೆಗೂ ಅಲ್ಲಿ ಜನ. ಅಪ್ಪ ತಮ್ಮ ಟ್ರಿಪ್ಪಿನ ಟೈಮು ಬದಲಾಯಿಸಿ, ಜನ ಬರುವ ಮುಂಚೆ, ಬೆಳಿಗ್ಗೆ ಆರೂವರೆಗೆ ಕಣದ ಒಂದು ಮಗ್ಗುಲಲ್ಲಿ ಚಿಪ್ಪು ಜೋಡಿಸಿಕೊಂಡರು. ಆ ಹೊತ್ತಿಗೆ ನಾನು ಡೈರಿಯಲ್ಲಿರುತ್ತಿದ್ದೆ.

ಮೊದಲ ದಿನ ನಾನು ಮನೆಗೆ ಬಂದಾಗ ಅಪ್ಪನ ಮುಖ ಸಪ್ಪಗಿತ್ತು. ಮೂರನೇ ತಿರುವಿನಲ್ಲೇ ಕಾರು ಎಗರಿ ಮಗುಚಿತಂತೆ. ಎರಡನೇ ದಿನವೂ ಹಾಗೆಯೇ, ಮೂರನೇ ದಿನ ಒಂದೂ ತಿರುವು ಆಗಲಿಲ್ಲ.

"ಕೈ ಹೇಳ್ದಂಗ ಕೇಳ್ತಿಲ್ಲ ಕಣಮ್ಮಿ."

"ಕೈದೇನಿಲ್ಲ, ಗಾಡಿದೇ ಏನೋ ಇರ್ಬೇಕು, ನೋಡ್ತೀನಿ ಬುಡಿ" ಅಂದೆ. ಮಧ್ಯಾಹ್ನ ಕಾರನ್ನು ಇಳಿಸಿ ಬೆನ್ನು ಒತ್ತಿ ನೋಡಿದೆ. ಮೆತ್ತಗೆ ಎದ್ದು ನಿಂತಿತು. ಟೈರು ಸರಿ, ಬ್ಯಾಟರಿ ಸರಿ, ಎಲ್ಲೂ ಸೋರಿಕೆಯಿಲ್ಲ. ಅಂಗಳದಲ್ಲಿ ನಾನೇ ಓಡಿಸಿದೆ, ನನ್ನಂಥವಳ ಕೈಯಲ್ಲೂ ನೆಟ್ಟಗೆ ಓಡಿತು. ಮಾರನೆಯ ಬೆಳಿಗ್ಗೆ ಅಪ್ಪನ ಕೈಯಲ್ಲಿ ಮತ್ತೆ ಮಗುಚಿತು. ನನಗೆ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ತಾನಾಗಿ ರಿಪೇರಿಯಾಗುವ ಗಾಡಿಯನ್ನು ಯಾರು ಕಂಡಿದ್ದಾರೆ?

ಗುಂಡ್ಲುಪೇಟೆಗೂ ತೆಗೆದುಕೊಂಡು ಹೋದೆ. ಎಣ್ಣೆ ಇನ್ನೂ ಬಂದಿರಲಿಲ್ಲ. ರಿಪೇರಿಯವನು ನಡು ಮಧ್ಯಾಹ್ನದಲ್ಲಿ ಕಾರನ್ನು ಓಣಿ ತುಂಬ ಓಡಿಸಿ, "ಗಾಡಿ ಸೂಪರ್ ಚೇಚಿ, ಒಂದು ಕೊಳಪ್ಪವೂ ಇಲ್ಲ, ಏನೂ ಕೆಟ್ಟಿಲ್ಲ. ಓಡಿಸೋರ ಕೈ ನೋಡಿ" ಅಂದ. ಅವನ ತಲೆಗೊಂದು ಕುಟ್ಟಬೇಕು ಅನ್ನಿಸಿತು. ಆದರೆ ಅವನ ಮಾತನ್ನು ಮನೆಗೆ ತಂದು ಅಪ್ಪನ ಮುಂದೆ ಹಾಕಿದವಳು ನಾನೇ. "ಗಾಡೀಲಿ ಏನೂ ಇಲ್ವಂತೆ" ಅಂದುಬಿಟ್ಟೆ.

ಅಪ್ಪ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ನಕ್ಕರು.

"ಕುಣೀಲಾರ್ದವ್ಳು ನೆಲ ಡೊಂಕು ಅಂದ್ಲಂತೆ. ಗಾಡಿ ಮ್ಯಾಲೆ ಯಾಕ ಹಾಕನ? ಕೈಯೇ ಓಯ್ತು ಬುಡು."

ಮಾರನೆಯ ದಿನದಿಂದ ಅಪ್ಪ ಕಣಕ್ಕೆ ಹೋಗಲಿಲ್ಲ. ಚಿಪ್ಪುಗಳನ್ನು ನಾನೇ ಆಯ್ದು ಒಲೆಯ ಪಕ್ಕ ಹಾಕಿದೆ. ಕಾಫಿ ಲೋಟ ಎಡಗೈಗೆ ಹೋಯಿತು. ಗುಂಡಿಯನ್ನು ನಾನು ಹಾಕಬೇಕಾಯಿತು. ಟವೆಲು ಮತ್ತೆ ತೊಡೆಯ ಮೇಲೆ ಬಂತು. ಸುಮಾರು ಹತ್ತು ದಿನ ಹೀಗೇ ಕಳೆದವು. ಆ ಹತ್ತು ದಿನ ಡೈರಿಯಲ್ಲಿ ನಾನು ಎಲ್ಲರ ಮೇಲೂ ಹರಿಹಾಯ್ದೆ, ಒಳ್ಳೆಯ ಹಾಲು ತಂದವರ ಮೇಲೂ.

ಆಮೇಲೊಂದು ಬೆಳಿಗ್ಗೆ ಡೈರಿ ಮುಗಿಸಿ ಬಂದೆ. ಆ ದಿನ ಚಳಿ ಕಿವಿ ಕಚ್ಚುತ್ತಿತ್ತು. ತಲೆಗೆ ಎಣ್ಣೆ ಹಚ್ಚೋಣ ಅಂತ ಕಿಟಕಿಯಲ್ಲಿದ್ದ ಬೆರಕೆಯ ಸೀಸೆ ಬಗ್ಗಿಸಿದೆ. ಎಣ್ಣೆ ಬರಲಿಲ್ಲ. ಬೆಳಕಿಗೆ ಹಿಡಿದೆ. ಒಳಗೆಲ್ಲ ಬಿಳಿ ಬಿಳಿ ಮರಳು, ತಣ್ಣಗಾದ ತುಪ್ಪದ ಹಾಗೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಇರುವ ಮನೆಯವರೆಲ್ಲ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ: ಹೊರಗೆ ಹೋಗಿ ಜಗಲಿಯ ಅಂಚಿನ ಬಿಸಿಲಿನಲ್ಲಿ ಸೀಸೆ ಇಟ್ಟೆ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಸೀಸೆಯಿಂದ ಕೈ ತೆಗೆಯುವ ಮೊದಲೇ ಕೈ ಅಲ್ಲೇ ನಿಂತಿತು.

ತಲೆಯ ಮೇಲೆ ಅಟ್ಟಣಿಗೆ. ಅಪ್ಪನ ಡಿಪೋ. ರಾತ್ರಿಯೆಲ್ಲ ಗಾಳಿ ಹೊಡೆಯುವ ಜಾಗ, ಬಿಸಿಲು ಬೀಳುವುದು ಹತ್ತು ಗಂಟೆಯ ಮೇಲೆ. ಕಾರನ್ನು ಇಳಿಸಿ ಬೆನ್ನು ಒತ್ತಿದೆ. ಮರದ ಮಣೆ ಒತ್ತಿದ ಹಾಗಾಯಿತು. ಒಂದು ಶಾಕೂ ಕೆಳಗೆ ಹೋಗಲಿಲ್ಲ.

ಕಾರನ್ನೂ ಸೀಸೆಯ ಪಕ್ಕ ಬಿಸಿಲಿಗಿಟ್ಟು, ಬಿಚ್ಚಿದ ಕೂದಲಲ್ಲೇ ಜಗಲಿಯ ಮೇಲೆ ಕೂತೆ. ಸೀಸೆಯ ಅಂಚಿನಿಂದ ಮರಳು ಕರಗುತ್ತಾ ಬಂತು. ಇತ್ತ ಕಾರಿನ ಬೆನ್ನನ್ನು ಆಗಾಗ ಒತ್ತಿ ನೋಡಿದೆ. ಮೊದಲು ಒಂದು ಕೂದಲೆಳೆ ಇಳಿಯಿತು, ಆಮೇಲೆ ಅರ್ಧ ಬೆರಳು. ಸೀಸೆ ತಿಳಿಯಾಗುವ ಹೊತ್ತಿಗೆ ಕಾರು ಮೆತ್ತಗೆ ಇಳಿದು ಮೆತ್ತಗೆ ಎದ್ದಿತು. ಸಾಸಿವೆ ತೂರದ ಆ ಮೂರು ತೂತಿಗೆ ಚಳಿಯಲ್ಲಿ ಬಿಳಿ ಮರಳು ಮೆತ್ತಿಕೊಳ್ಳುತ್ತಿತ್ತು, ಬಿಸಿಲೇರಿದ ಮೇಲೆ ಕರಗಿಹೋಗುತ್ತಿತ್ತು. ನಾನು ಪರೀಕ್ಷೆ ಮಾಡಿದ್ದೆಲ್ಲ ಬಿಸಿಲಿನ ಹೊತ್ತಿನಲ್ಲಿ, ಅಪ್ಪ ಓಡಿಸಿದ್ದೆಲ್ಲ ಚಳಿಯಲ್ಲಿ.

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಆದದ್ದು ಖುಷಿ. ಗಂಟು ಬಿಚ್ಚಿತಲ್ಲ ಅಂತ ಅಷ್ಟು ಖುಷಿ. ಅದು ಇಳಿದ ಮೇಲೆ ನಾಚಿಕೆ ಬಂತು. ಒಳಗೆ ಕುರ್ಚಿಯಲ್ಲಿ ಒಬ್ಬರು ತಮ್ಮ ಕೈ ಸತ್ತಿತು ಅಂತ ಕೂತಿದ್ದಾರೆ. ಕುಣಿಯಲಾರದವಳ ಗಾದೆ ಸರಿ, ಆದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವಳು ನಾನು.

ಸೀಸೆಯನ್ನೂ ಕಾರನ್ನೂ ಎತ್ತಿಕೊಂಡು ಒಳಗೆ ಹೋಗಿ ಅಪ್ಪನ ಮುಂದೆ ನೆಲದ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಒಡೆದ ಪಾರ್ಸಲ್ಲು, ಸಾಸಿವೆ, ಎರಡು ಪಾಲು, ಒಂದು ಪಾಲು, ಮರಳು. ಬೈಯುತ್ತಾರೆ ಅಂದುಕೊಂಡಿದ್ದೆ. ಅಪ್ಪ ಬೈಯಲಿಲ್ಲ.

"ನಾ ಕೇಳುದ್ನಲ್ಲವ್ವ. ಒರಿಜಿನಲ್ಲಾ ಅಂತ ಕೇಳುದ್ನಲ್ಲ ನಿನ್ನ."

"ಕೇಳುದ್ರಿ."

"ಬಸ್ ಎಗುರ್ದ್ರ ನಾನು ಮೊದ್ಲು ನೋಡ್ತಿದ್ದುದೇ ಶಾಕು. ಇದ್ರಲ್ಲೂ ಅದೇ ಅನ್ಸಿತ್ತು ನಂಗ. ಆದ್ರ ಊರೋರ ಹಾಲ್ನೆಲ್ಲ ಅಳೀವೋಳು ನೀನು, ನೀ ಹ್ಞೂಂ ಅಂದ ಮ್ಯಾಲ ಎಣ್ಣ ಸರಿಯಾಗೇ ಇರ್ತದ ಅನ್ಕಂಡೆ. ನಿನ್ ಮಾತ್ನ ನಂಬ್ದೆ. ಅದ್ಕೇ ನನ್ ಕೈಯ ನಂಬ್ನಿಲ್ಲ."

ನಾನು ಅಲ್ಲೇ ಕೂತು ಅತ್ತೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯೊಳಗೆ ಬಿದ್ದಿತ್ತು. ಅಪ್ಪ ಅವತ್ತೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಆದರೆ ಸಂಜೆ ಡೈರಿಯಿಂದ ಬಂದಾಗ ನೋಡಿದೆ, ಟವೆಲು ಗೂಟಕ್ಕೆ ಹೋಗಿತ್ತು.

ಐದಾರು ದಿನಕ್ಕೆ ಗುಂಡ್ಲುಪೇಟೆಯಿಂದ ಫೋನು ಬಂತು. ಎಣ್ಣೆ ಬಂದಿತ್ತು. ಸೀಲು ಒಡೆಯದ ಸೀಸೆಯನ್ನು ತಂದು ಅಪ್ಪನ ಕೈಗೇ ಕೊಟ್ಟೆ. "ನೀವೇ ಬಿಚ್ಚಿ, ನಾನು ಮುಟ್ಟಕಿಲ್ಲ" ಅಂದೆ. ಅಪ್ಪ ಹಲ್ಲಿನಲ್ಲಿ ಸೀಲು ಕಿತ್ತು, ಮೂಸಿ ನೋಡಿ, "ವಾಸ್ನೇನೇ ಇಲ್ಲ" ಅಂದರು. ಮೊದಲು ಶಾಕುಗಳಲ್ಲಿದ್ದ ನನ್ನ ಬೆರಕೆಯನ್ನೆಲ್ಲ ಚೆಲ್ಲಿಸಿ, ಕೊಳವೆ, ಕಡ್ಡಿ, ಬಿಲ್ಲೆ ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆಸಿ, ಒಣಗಿಸಿದರು. ತುಂಬಿದ್ದು ಅವರೇ. ಎಡಗೈಯಲ್ಲಿ ಕೊಳವೆ, ಬಲಗೈ ಬೆರಳುಗಳಲ್ಲಿ ಆ ಸಣ್ಣ ಕಡ್ಡಿ. ಕಡ್ಡಿಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು, ಬಿಲ್ಲೆಯ ಕೆಳಗೆ ಸಿಕ್ಕಿಕೊಂಡ ಗುಳ್ಳೆಗಳು ಆ ತೂತುಗಳಿಂದ ಒಂದೊಂದಾಗಿ ಎದ್ದು ಬರಬೇಕು. ಒಂದು ಗುಳ್ಳೆ ಉಳಿದರೂ ಶಾಕು ಸುಳ್ಳು ಹೇಳುತ್ತದೆ. ಕಡ್ಡಿ ಜಾರಿ ಜಾರಿ ಬೀಳುತ್ತಿತ್ತು. ಕಿತ್ತುಕೊಂಡು ನಾನೇ ಮಾಡಿಬಿಡೋಣ ಅಂತ ಕೈ ತುರಿಸುತ್ತಿತ್ತು. ಅಪ್ಪ ತಲೆಯೆತ್ತದೆ, "ಆತ್ರ ಬ್ಯಾಡ, ನಿನ್ ಆತ್ರವೇ ಇಷ್ಟೆಲ್ಲ ಮಾಡಿದ್ದು" ಅಂದರು. ನಾಲ್ಕು ಶಾಕಿಗೆ ಒಂದು ಮಧ್ಯಾಹ್ನವೇ ಬೇಕಾಯಿತು.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ನನ್ನ ಜಾಗಕ್ಕೆ ಬೇರೆಯವರನ್ನು ಅರ್ಧ ಗಂಟೆ ಕೂರಿಸಿ ಬಂದೆ. ಹಾಗೆ ಎಂದೂ ಮಾಡಿದವಳಲ್ಲ. ಕಣದಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಅಪ್ಪ ಚಿಪ್ಪು ಜೋಡಿಸುವಷ್ಟರಲ್ಲಿ ನಾನು ಟೆಸ್ಟ್ ಟ್ಯೂಬಿನಲ್ಲಿ ಹೊಸ ಎಣ್ಣೆಗೆ ಒಂದು ಸಾಸಿವೆ ಕಾಳು ಬಿಟ್ಟೆ. ಆ ಚಳಿಯಲ್ಲೂ ಇಪ್ಪತ್ತಾರಕ್ಕೆ ತಳ ಮುಟ್ಟಿತು! ಪಕ್ಕದ ಟ್ಯೂಬಿನಲ್ಲಿ ನನ್ನ ಬೆರಕೆಗೆ ಬಿಟ್ಟ ಕಾಳು ಮರಳಿನ ಮೇಲೆ ಕೂತೇ ಇತ್ತು. ಗಾಡಿಗೆ ಗಾಡಿ ಎಣ್ಣೆ ಯಾಕೆ ಅಂತ ನನಗೆ ಆಗ ಕಣ್ಣಿಗೆ ಕಂಡಿತು. ಚಳಿಯಾಗಲಿ ಬಿಸಿಲಾಗಲಿ ಅದು ಹೆಚ್ಚೂಕಮ್ಮಿ ಒಂದೇ ಮಾತು ಆಡುತ್ತದೆ.

ಅಪ್ಪ ಗಾಡಿ ಬಿಟ್ಟರು. ಒಂದು, ಎರಡು, ಮೂರು ತಿರುವು. ಆನೆಯ ತಿರುವು ದಾಟಿತು, ಲಾರಿಯ ತಿರುವು ದಾಟಿತು. ನಾನು ಚಿಪ್ಪು ಎಣಿಸುತ್ತಿದ್ದೆ. ಹತ್ತೊಂಬತ್ತನೇ ಚಿಪ್ಪಿಗೆ ತಾಗಿ ಕಾರು ಮಗುಚಿತು. ನಾನು ಎತ್ತಲು ಓಡಿದೆ. ಅಪ್ಪ ಮಾತ್ರ ಗಟ್ಟಿಯಾಗಿ ನಗುತ್ತಿದ್ದರು.

"ಇದು ನಂದೇ ಕಣಮ್ಮಿ! ಜಾಸ್ತಿ ತಿರುಗಿಸ್ಬುಟ್ಟೆ. ಇದು ನನ್ ಕೈದೇ ತಪ್ಪು!"

ತಪ್ಪು ತನ್ನದೇ ಅಂತ ಗೊತ್ತಾಗಿ ಅಷ್ಟು ಸಂತೋಷಪಟ್ಟ ಮನುಷ್ಯರನ್ನು ನಾನು ಡೈರಿಯಲ್ಲಿ ಒಬ್ಬರನ್ನೂ ಕಂಡಿಲ್ಲ. ಕಾರು ಎತ್ತಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಡೈರಿಗೆ ಓಡಿದೆ.

ಎಂಟೂವರೆಗೆ ಮನೆಗೆ ಬಂದಾಗ ನನ್ನ ತಲೆಎಣ್ಣೆಯ ಸೀಸೆ ಜಗಲಿಯ ಬಿಸಿಲಿನಲ್ಲಿತ್ತು. ನಾನು ಇಟ್ಟಿರಲಿಲ್ಲ. ಸೀಸೆಗೆ ಬಿಳಿ ಬ್ಯಾಂಡೇಜ್ ಪಟ್ಟಿಯ ಒಂದು ತುಂಡು ಅಂಟಿಸಿತ್ತು. ಅದರ ಮೇಲೆ ಪೆನ್ನಿನಲ್ಲಿ, ಅಕ್ಷರ ಒಂದರ ಮೇಲೊಂದು ಬಿದ್ದ ಹಾಗೆ ಬರೆದಿತ್ತು: ಬೆರಕೆ ಎಣ್ಣೆ. ತಲೆಗೆ ಮಾತ್ರ.

ಅದರ ಕೆಳಗೆ ಟ್ರಿಪ್ ಶೀಟಿನಲ್ಲಿ ಹಾಕುತ್ತಿದ್ದ ಹಾಗೆಯೇ, ಬಾಲವನ್ನು ಎರಡು ಸಲ ಸುತ್ತಿ, ಅಪ್ಪನ ಸೈನು ಇತ್ತು.